ಯುಮೀಸ್ ಸೆಲ್ಸ್: 512 ಕಂತುಗಳ ಈ ಕೊರಿಯನ್ ಪ್ರೇಮಕಥೆಯನ್ನು ಓದೋದು ಹೇಗೆ?

ಕಾಗದದೋಣಿ:

ಲೀ ದೊಂಗ್-ಗನ್ ಅವರ ‘ಯುಮೀಸ್ ಸೆಲ್ಸ್’ ಬಗ್ಗೆ ತಿಳಿದವರ ಸಲಹೆ ಬೇಕು. ಇಂಗ್ಲಿಷ್ ಅನುವಾದದಲ್ಲಿ, ಲ್ಯಾಪ್‌ಟಾಪ್ ಪರದೆಯ ಮೇಲೆ ಮೊದಲ 40 ಕಂತು ಮುಗಿದಿದೆ. ಪ್ರೇಮದ ಬಗ್ಗೆ ಬಂದ ಕೊರಿಯನ್ ಕಾಮಿಕ್ಸ್‌ಗಳಲ್ಲಿ ಇದರ ದಾರಿಯೇ ಬೇರೆ ಅಂತ ಎಲ್ಲರೂ ಹೇಳುತ್ತಾರೆ. ಆ ಬೇರೆತನ ಎಲ್ಲಿದೆ ಅನ್ನೋದು ಇನ್ನೂ ಕೈಗೆ ಸಿಕ್ಕಿಲ್ಲ.

ಮುಖಗಳು ತೀರಾ ಸರಳ, ಹಿನ್ನೆಲೆ ಹೆಚ್ಚುಕಡಿಮೆ ಖಾಲಿ. ಅರ್ಧ ಕಂತು ನಾಯಕಿ ಯುಮಿಯ ತಲೆಯೊಳಗಿನ, ನೀಲಿ ಉಡುಪಿನ ಪುಟಾಣಿ ಕೋಶಗಳ ಜಗಳದಲ್ಲೇ ಹೋಗುತ್ತದೆ. ನಾಯಕ ಯಾರು ಅಂತಲೂ ಸ್ಪಷ್ಟವಿಲ್ಲ. ಚಿತ್ರ ಇಷ್ಟು ಸರಳವಾಗಿರೋದು ಬೇಕಂತಲೇ ಮಾಡಿದ್ದಾ? ಪಿಕ್ಸಾರ್‌ನ ‘ಇನ್‌ಸೈಡ್ ಔಟ್’ ನೋಡಿ ಬರೆದದ್ದಾ? ಇಂಗ್ಲಿಷಿನಲ್ಲಿ ಏನು ಕಳೆದುಹೋಗುತ್ತದೆ? ಮೊದಲು ಟಿವಿ ಸರಣಿ ನೋಡಿಬಿಟ್ಟರೆ ಸುಲಭವಾ? ಮುಂದಿನ ಕಥೆ ಬಿಟ್ಟುಕೊಡುವ ಹಾಗಿದ್ದರೆ ದಯವಿಟ್ಟು ಮೊದಲೇ ಎಚ್ಚರಿಸಿ.

ಉದ್ದಪಟ:

ಮೊದಲು ಲ್ಯಾಪ್‌ಟಾಪ್ ಮುಚ್ಚಿ. ನಿಮ್ಮ ತೊಂದರೆಯಲ್ಲಿ ಅರ್ಧ ಅಲ್ಲೇ ಇದೆ.

ವೆಬ್‌ಟೂನಿಗೆ, ಅಂದರೆ ಇಂಥ ಅಂತರ್ಜಾಲದ ಕಾಮಿಕ್ಸಿಗೆ, ಪುಟ ಅಂತ ಇಲ್ಲ, ಮೇಲಿನಿಂದ ಕೆಳಕ್ಕೆ ಇಳಿಯುವ ಒಂದೇ ಪಟ್ಟಿ. ಇಂಗ್ಲಿಷ್ ವೆಬ್‌ಟೂನ್ ತಾಣಕ್ಕೆ ಚಿತ್ರ ಏರಿಸುವವರು ಆ ಪಟ್ಟಿಯನ್ನು 800 ಪಿಕ್ಸೆಲ್ ಅಗಲ, 1280 ಪಿಕ್ಸೆಲ್ ಎತ್ತರದ ತುಂಡುಗಳಾಗಿ ಕತ್ತರಿಸುತ್ತಾರೆ. ಓದುಗನಿಗೆ ಅವು ಬೆಸುಗೆಯಿಲ್ಲದೆ ಕೂಡಿಕೊಂಡು ಕಾಣುತ್ತವೆ. ಈಗ ಲೆಕ್ಕ ನೋಡಿ. 20:9 ಅನುಪಾತದ ಫೋನಿನಲ್ಲಿ 800 ಅಗಲ ತುಂಬಿದಾಗ ಸುಮಾರು 1770 ಎತ್ತರದಷ್ಟು ಪಟ್ಟಿ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. 768 ಸಾಲಿನ ಲ್ಯಾಪ್‌ಟಾಪ್ ಪರದೆಯಲ್ಲಿ ಬ್ರೌಸರಿನ ಪಟ್ಟಿಗಳನ್ನೆಲ್ಲ ಕಳೆದರೆ ಉಳಿಯೋದು 600-650. ಅಂದರೆ ಚಿತ್ರಕಾರ ಒಂದು ನೋಟಕ್ಕೆ ಅಂತ ಇಟ್ಟದ್ದನ್ನು ನೀವು ಮೂರು ತುಂಡಾಗಿ ನೋಡುತ್ತಿದ್ದೀರಿ. ಯುಮಿಯ ಮುಖ, ಕೆಳಗೆ ಖಾಲಿ ಜಾಗ, ಅದರ ಕೆಳಗೆ ಕೋಶಗಳ ಗದ್ದಲ: ಈ ಮೂರೂ ಒಟ್ಟಿಗೆ ಕಂಡರೆ ಮಾತ್ರ ಅದೊಂದು ಮಾತಾಗುತ್ತದೆ.

ಖಾಲಿ ಜಾಗಕ್ಕೂ ಕೆಲಸ ಇದೆ. ಕಾಗದದ ಕಾಮಿಕ್ಸಿನಲ್ಲಿ ಎರಡು ಚೌಕಗಳ ನಡುವಿನ ಸಂದು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಅಳತೆ. ಇಲ್ಲಿ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಚೌಕಗಳು ಒತ್ತೊತ್ತಾಗಿದ್ದರೆ ಮಾತಿಗೆ ಮಾತು ಬಡಿಯುತ್ತಿದೆ ಅಂತ. ಬೆರಳು ಒಂದು ಪೂರ್ತಿ ಪರದೆ ಇಳಿದರೂ ಏನೂ ಬರದಿದ್ದರೆ ಯಾರೋ ಉತ್ತರಕ್ಕೆ ಕಾಯುತ್ತಿದ್ದಾರೆ ಅಂತ. ಮೌಸಿನ ಚಕ್ರ ಒಂದು ಹಲ್ಲಿಗೆ ನೂರು ಪಿಕ್ಸೆಲ್‌ನಷ್ಟು ಜಿಗಿಯುತ್ತದೆ, ಆ ಜಿಗಿತದಲ್ಲಿ ಮೌನ ಸತ್ತುಹೋಗುತ್ತದೆ. ಬೆರಳಿಗೆ ಜಿಗಿತ ಇಲ್ಲ, ನಿಧಾನಿಸಬೇಕಾದ ಕಡೆ ಅದು ತಾನಾಗಿ ನಿಧಾನಿಸುತ್ತದೆ. ಫೋನನ್ನು ಅಡ್ಡ ಹಿಡಿದು ಓದಬೇಡಿ, ಲ್ಯಾಪ್‌ಟಾಪಿನ ತೊಂದರೆಯೇ ಮರಳಿ ಬರುತ್ತದೆ. ರಾತ್ರಿ ಹೊತ್ತು ಪರದೆಯನ್ನು ಹಳದಿ ಮಾಡುವ ಸೋಸುಗವನ್ನೂ ಆರಿಸಿ. ಹೊರಲೋಕದ ಬಣ್ಣ ಒಂದು, ಕೋಶಗಳ ಊರಿನ ಬಣ್ಣ ಇನ್ನೊಂದು. ಹಳದಿ ಪದರ ಬಿದ್ದರೆ ಕೋಶಗಳ ನೀಲಿ ಮಂಕಾಗಿ ಎರಡೂ ಒಂದೇ ಊರಾಗಿಬಿಡುತ್ತದೆ.

ಇನ್ನು ಪ್ರಮಾಣ. ಕೊರಿಯದ ನೇವರ್ ತಾಣದಲ್ಲಿ ಇದು 2015ರ ಏಪ್ರಿಲ್‌ನಲ್ಲಿ ಶುರುವಾಗಿ 2020ರ ನವೆಂಬರ್‌ನಲ್ಲಿ ಮುಗಿಯಿತು. 512 ಕಂತು, 67 ತಿಂಗಳು. ತಿಂಗಳಿಗೆ ಏಳೆಂಟು ಕಂತು ಬಿತ್ತು. ಅದಕ್ಕೇ ಪ್ರತಿ ಕಂತಿನ ಕೊನೆಗೂ ಮುಂದಿನ ಕಂತಿಗೆ ಎಳೆಯುವ ಒಂದು ಕೊಕ್ಕೆ ಇದೆ. ಒಂದೇ ರಾತ್ರಿ ಅರವತ್ತು ಕಂತು ಉರುಳಿಸಿದರೆ ಕೊಕ್ಕೆಗಳೇ ಚುಚ್ಚುತ್ತವೆ, ಎಲ್ಲ ಒಂದೇ ಉಪಾಯದ ಮರುಕಳಿಕೆ ಅನಿಸುತ್ತದೆ. ಒಂದು ಕೂತಿಕೆಗೆ ಎಂಟು ಕಂತು ಸಾಕು. ಮೂಲ ಓದುಗರು ಒಂದು ತಿಂಗಳು ಕಾದು ಓದಿದ ಪಾಲು ಅದು.

ಬಿದಿರುಕೋಲು:

ಉದ್ದಪಟ ಅವರು ಓದುವ ಯಂತ್ರದ ಬಗ್ಗೆ ಹೇಳಿದರು. ಚಿತ್ರದ ಸರಳತೆ ಬಗ್ಗೆ ಹೇಳುತ್ತೇನೆ, ಏಕೆಂದರೆ ಇದರ ಜೀವ ಅಲ್ಲಿದೆ.

ಹೌದು, ಬೇಕಂತಲೇ. ಯುಮಿ ಒಂದು ಕಂಪನಿಯ ಲೆಕ್ಕಪತ್ರದ ಕಡೆ ಕೆಲಸ ಮಾಡುವ ಸಾಮಾನ್ಯ ಹೆಣ್ಣು. ಹೊರಗಿನಿಂದ ನೋಡಿದರೆ ಅವಳ ದಿನದಲ್ಲಿ ಏನೂ ನಡೆಯುವುದಿಲ್ಲ. ಫೋನ್ ನೋಡುತ್ತಾಳೆ, ಉತ್ತರ ಬೆರಳಚ್ಚು ಮಾಡುತ್ತಾಳೆ, ಅಳಿಸುತ್ತಾಳೆ, ‘ಹೂಂ, ಆಗಲಿ’ ಅಂತಾಳೆ. ಪ್ರೇಮದಲ್ಲಿ ಬಿದ್ದ ಮನುಷ್ಯ ಹೊರಗೆ ಕಾಣಿಸೋದು ಅಷ್ಟೇ. ಆ ‘ಹೂಂ’ ಹೊರಡುವ ಮುಂಚೆ ಒಳಗೆ ಒಂದು ಊರಿಗೆ ಊರೇ ಸಭೆ ಸೇರಿ ಕೂಗಾಡಿರುತ್ತದೆ. ಹೊರಗಿನ ಚೌಕಗಳಲ್ಲಿ ಮುಖವನ್ನು ಚೆಂದಗೆ ತೀಡಿ, ಕಣ್ಣಲ್ಲಿ ನಕ್ಷತ್ರ ಬರೆದು, ಹಿಂದೆ ಹೂವು ಉದುರಿಸಿದ್ದರೆ ಭಾವವೆಲ್ಲ ಅಲ್ಲೇ ಖರ್ಚಾಗಿ ಒಳಗಿನ ಊರಿಗೆ ಉಳಿಯುತ್ತಿರಲಿಲ್ಲ. ಕೊರಿಯದ ಹಳೆಯ ಸುಂಜಂಗ್ ಕಾಮಿಕ್ಸ್, ಅಂದರೆ ಹುಡುಗಿಯರಿಗಾಗಿ ಬರೆದ ಪ್ರೇಮಕಥೆಗಳು, ಹೂವಿನ ದಾರಿಯನ್ನೇ ಹಿಡಿದಿದ್ದವು. ಲೀ ದೊಂಗ್-ಗನ್ ಮುಖವನ್ನು ಖಾಲಿ ಬಿಟ್ಟು ಒಳಗನ್ನು ತುಂಬಿಸಿದರು.

ಒಂದು ಅಭ್ಯಾಸ ಮಾಡಿ ನೋಡಿ. ನೀವು ಈಗಾಗಲೇ ಓದಿದ ಯಾವುದಾದರೂ ಒಂದು ಕಂತು ತೆಗೆದುಕೊಳ್ಳಿ. ಮೊದಲ ಸಲ ಹೊರಲೋಕದ ಚೌಕಗಳನ್ನು ಮಾತ್ರ ಓದಿ, ಕೋಶಗಳು ಬಂದಾಗ ಬೆರಳಾಡಿಸಿ ದಾಟಿಬಿಡಿ. ಹೆಚ್ಚಿನ ಕಂತುಗಳಲ್ಲಿ ಉಳಿಯೋದು ಅರ್ಧ ನಿಮಿಷದ ಘಟನೆ, ಕೆಲವೊಮ್ಮೆ ಒಂದು ಸಂದೇಶ ಬಂದದ್ದು ಮಾತ್ರ. ಎರಡನೇ ಸಲ ಪೂರ್ತಿ ಓದಿ. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ: ಹೊರಗೆ ಬಂದ ಮಾತಿಗೂ ಒಳಗೆ ಗೆದ್ದ ಕೋಶಕ್ಕೂ ಹೊಂದಿಕೆ ಇದೆಯಾ? ಬಹಳ ಸಲ ಇರುವುದಿಲ್ಲ. ಪ್ರೀತಿಯ ಕೋಶ ಸಭೆಯಲ್ಲಿ ಗೆದ್ದರೂ ಬಾಯಿಂದ ಒಣ ಮಾತು ಹೊರಡುತ್ತದೆ. ಆ ಬಿರುಕಿನಲ್ಲೇ ಕಥೆ ಇರೋದು.

ಕೋಶಗಳನ್ನು ಬರೀ ಭಾವನೆಗಳು ಅಂತ ತಿಳಿದರೆ ಓದು ತಪ್ಪುತ್ತದೆ. ‘ಇನ್‌ಸೈಡ್ ಔಟ್’ ಜೊತೆ ಹೋಲಿಸುವವರು ಎಡವೋದು ಇಲ್ಲೇ. ಮೊದಲಿಗೆ ತಾರೀಖು: ಆ ಚಿತ್ರ ಚಿತ್ರಮಂದಿರಕ್ಕೆ ಬಂದದ್ದು 2015ರ ಜೂನ್, ಯುಮಿ ಶುರುವಾದದ್ದು ಅದೇ ವರ್ಷದ ಏಪ್ರಿಲ್. ಹಾಗಾಗಿ ನಕಲಿನ ಮಾತೇ ಇಲ್ಲ. ಎರಡನೆಯದು, ಆ ಚಿತ್ರದಲ್ಲಿ ಐದು ಭಾವಗಳು ಒಂದು ನಿಯಂತ್ರಣ ಫಲಕದ ಮುಂದೆ ನಿಂತಿರುತ್ತವೆ. ಇಲ್ಲಿರೋದು ಕಸುಬುದಾರರಿಂದ ತುಂಬಿದ ಊರು. ಪ್ರೀತಿ ಇದೆ, ವಿವೇಕ ಇದೆ, ಭಾವುಕತೆ ಇದೆ, ಅವುಗಳ ಜೊತೆಗೆ ಹಸಿವು, ಉಡುಪಿನ ಶೋಕಿ, ಪತ್ತೇದಾರಿ, ಪೋಲಿ ಯೋಚನೆ, ಬರವಣಿಗೆ ಎಲ್ಲಕ್ಕೂ ಒಂದೊಂದು ಕೋಶ. ಹಸಿವಿನ ಕೋಶ ಉಳಿದವರ ಪಕ್ಕ ದೈತ್ಯನ ಹಾಗೆ ಬೆಳೆದಿದ್ದಾನೆ. ಯುಮಿ ಎಷ್ಟೇ ದುಃಖದಲ್ಲಿದ್ದರೂ ತೊಕ್‌ಪೊಕ್ಕಿ ಅನ್ನುವ ಖಾರದ ಅಕ್ಕಿಕಡುಬು ಬೇಕು ಅಂತ ಅವನು ಎದ್ದರೆ ಸಭೆ ಅಲ್ಲಿಗೆ ಮುಗಿಯಿತು. ನಿಜ ಜೀವನದಲ್ಲೂ ಎದೆ ಒಡೆದ ದಿನ ಹೊಟ್ಟೆ ಹಸಿಯುತ್ತದೆ. ಪ್ರೇಮಕಥೆಗಳು ಅದನ್ನು ಬರೆಯೋದು ಅಪರೂಪ.

ನಾಲಿಗೆಯ ಕೋಶವನ್ನು ಗಮನಿಸಿ. ಕೊರಿಯನ್ನಿನಲ್ಲಿ ಅದರ ಹೆಸರು ‘ಸೆ ಚಿ ಹ್ಯೊ’, ಅಂದರೆ ಮೂರಂಗುಲದ ನಾಲಿಗೆ. ಅದು ಅವರ ನುಡಿಗಟ್ಟು. ಅವನನ್ನು ಸೆರೆಯಲ್ಲಿ ಇಟ್ಟಿರುತ್ತಾರೆ, ಜಗಳದಲ್ಲಿ ಬೀಗ ತೆಗೆದರೆ ಆಡಬಾರದ್ದನ್ನು ಆಡಿಬಿಡುತ್ತಾನೆ. ನಮ್ಮಲ್ಲಿ ಎಲುಬಿಲ್ಲದ ನಾಲಿಗೆ ಅಂತೀವಲ್ಲ, ಅದಕ್ಕೇ ಕೈಕಾಲು ಬಂದ ಹಾಗೆ. ಭಾವುಕತೆಯ ಕೋಶಕ್ಕೆ ರಾತ್ರಿ ಬಲ ಜಾಸ್ತಿ. ಯುಮಿ ತಡರಾತ್ರಿ ಕಳಿಸಿದ ಸಂದೇಶ, ಬೆಳಗ್ಗೆ ಅದನ್ನು ಓದಿ ಪಡುವ ಸಂಕಟ, ಎರಡೂ ಈ ಒಂದೇ ನಿಯಮದಿಂದ ಹುಟ್ಟುತ್ತವೆ.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಪ್ರಧಾನ ಕೋಶದ್ದು. ಪ್ರತಿ ಮನುಷ್ಯನಲ್ಲೂ ಉಳಿದವನ್ನು ನಡೆಸುವ ಒಂದು ಕೋಶ ಇರುತ್ತದೆ. ಯುಮಿಗೆ ಅದು ಪ್ರೀತಿ. ಕಥೆ ಶುರುವಾಗುವಾಗ ಹಿಂದಿನ ಸಂಬಂಧ ಮುರಿದ ದಿನದ ಕಣ್ಣೀರಿನ ನೆರೆಯಲ್ಲಿ ಕೊಚ್ಚಿಹೋಗಿ ಆ ಕೋಶ ಪ್ರಜ್ಞೆ ಕಳೆದುಕೊಂಡಿದೆ. ಹಾಗಾಗಿ ನೀವು ಓದಿದ ಮೊದಲ ಕಂತುಗಳಲ್ಲಿ ಪ್ರೇಮ ‘ಇಲ್ಲ’ ಅನಿಸಿದ್ದು ಸರಿಯಾಗಿಯೇ ಇದೆ. ಒಡೆಯನಿಲ್ಲದ ಊರನ್ನು ಉಳಿದವರು ಹೇಗೆ ದೂಡುತ್ತಿದ್ದಾರೆ ಅನ್ನೋದನ್ನು ನೋಡುತ್ತಿದ್ದಿರಿ.

ಎರಡ್ಮಾತು:

ಅನುವಾದದ ಬಗ್ಗೆ. ಇಂಗ್ಲಿಷ್ ಓದಿದರೂ ಕನ್ನಡ ಓದುಗನಿಗೆ ಇಲ್ಲಿ ಒಂದು ದೊಡ್ಡ ಅನುಕೂಲ ಇದೆ, ಅದನ್ನು ಬಳಸಿಕೊಳ್ಳಿ.

ಕೊರಿಯನ್ನಿನಲ್ಲಿ ಮಾತಿಗೆ ಎರಡು ಮುಖ್ಯ ಮಟ್ಟಗಳಿವೆ. ಜೊಂದೆನ್‌ಮಾಲ್ ಅಂದರೆ ಗೌರವದ ಮಾತು, ಬಾನ್‌ಮಾಲ್ ಅಂದರೆ ಸಲಿಗೆಯದು. ನಮ್ಮ ನೀವು, ನೀನು ಇದ್ದ ಹಾಗೆ, ಆದರೆ ಅಲ್ಲಿ ವ್ಯತ್ಯಾಸ ಹೆಚ್ಚಾಗಿ ಕ್ರಿಯಾಪದದ ಕೊನೆಯಲ್ಲಿ ಕೂರುತ್ತದೆ. ವಾಕ್ಯ ‘ಯೊ’ ಅಂತ ಮುಗಿದರೆ ಇನ್ನೂ ಅಂತರ ಇದೆ ಅಂತ. ಅದು ಉದುರಿದ ಕ್ಷಣ ಸಂಬಂಧ ಒಂದು ಮೆಟ್ಟಿಲು ಇಳಿದು ಹತ್ತಿರ ಬಂದಿದೆ. ಇಂಗ್ಲಿಷಿನಲ್ಲಿ ಎಲ್ಲವೂ ‘ಯೂ’. ಹಾಗಾಗಿ ಓದುವಾಗ ಯುಮಿ ಮತ್ತು ಅವಳ ಗೆಳೆಯನಾಗುವ ಗೂ ವೂಂಗ್ ನಡುವಿನ ಮಾತನ್ನು ಮನಸ್ಸಿನಲ್ಲೇ ಕನ್ನಡ ಮಾಡಿಕೊಳ್ಳಿ: ‘ಊಟ ಆಯ್ತಾ ನಿಮ್ದು’ ಅನ್ನೋದು ‘ಊಟ ಆಯ್ತಾ ನಿಂದು’ ಆದದ್ದು ಯಾವ ಕಂತಿನಲ್ಲಿ? ಇಂಗ್ಲಿಷ್ ಪಠ್ಯದಲ್ಲಿ ಸುಳಿವು ಹುಡುಕಲು ಹೆಸರು ನೋಡಿ. ಹೆಸರಿನ ಕೊನೆಗೆ ‘ಶಿ’ (ssi) ಅಂತ ಇದ್ದರೆ ಅದು ನಮ್ಮ ‘ಅವರೇ’. ಅದು ಬಿಟ್ಟುಹೋದ ಕಂತನ್ನು ಗುರುತು ಮಾಡಿಟ್ಟುಕೊಳ್ಳಿ. ಜಗಳದಲ್ಲಿ ಥಟ್ಟನೆ ಗೌರವದ ಮಾತು ಮರಳಿ ಬಂದರೆ ಅದು ಬೈಗುಳಕ್ಕಿಂತ ಹರಿತ. ನಮ್ಮ ಮನೆಗಳಲ್ಲೂ ಮುನಿಸಿಕೊಂಡವರು ‘ತಾವು ದೊಡ್ಡವರು’ ಅಂತ ಶುರುಮಾಡಿದರೆ ಮುಂದಿನದು ಗೊತ್ತಾಗುತ್ತದಲ್ಲ, ಹಾಗೆ.

ಕೆಲವು ಪದಗಳು ಗೊತ್ತಿದ್ದರೆ ಕಥೆಯ ನಡೆ ತಿಳಿಯುತ್ತದೆ. ‘ಸೊಗೆತಿಂಗ್’ ಅಂದರೆ ಪರಿಚಿತರೊಬ್ಬರು ನಡುವೆ ನಿಂತು ಗಂಡು ಹೆಣ್ಣನ್ನು ಒಂದು ಭೇಟಿಗೆ ಕೂರಿಸುವುದು. ಹೆಣ್ಣು ನೋಡುವ ಶಾಸ್ತ್ರ ಅಲ್ಲ, ಮನೆಯವರು ಇರುವುದಿಲ್ಲ, ಮದುವೆಯ ಮಾತೂ ಇಲ್ಲ. ಸಹೋದ್ಯೋಗಿ ಊಗಿ ಮೂಲಕ ವೂಂಗ್ ಬರೋದು ಹೀಗೇ. ‘ಸ್ಸಮ್’ ಅನ್ನೋದು ಇಂಗ್ಲಿಷಿನ ಸಮ್‌ಥಿಂಗ್ ಪದದ ತುಂಡು. ಇಬ್ಬರ ನಡುವೆ ಏನೋ ಇದೆ, ಹೆಸರಿಟ್ಟಿಲ್ಲ ಅನ್ನುವ ಹಂತ. ‘ಮಿಲ್‌ದಾಂಗ್’ ಅಂದರೆ ತಳ್ಳುವುದು ಮತ್ತು ಎಳೆಯುವುದು, ಬೇಕಂತಲೇ ತಡವಾಗಿ ಉತ್ತರ ಕೊಟ್ಟು ಕಾಯಿಸುವ ಆಟ. ಕೋಶಗಳ ಸಭೆಗಳಲ್ಲಿ ಬಹುಪಾಲು ಈ ಎರಡರ ಮೇಲೇ ನಡೆಯುತ್ತವೆ. ಇನ್ನು ಜೋಡಿಗಳು ಎಣಿಸುವ ನೂರನೇ ದಿನ: ಒಪ್ಪಿಕೊಂಡ ದಿನವೇ ಒಂದನೇ ದಿನ, ಸೊನ್ನೆಯಿಂದ ಎಣಿಕೆ ಇಲ್ಲ. ವಯಸ್ಸಿನಲ್ಲೂ ಎಚ್ಚರ ಇರಲಿ. ಈ ಕಾಮಿಕ್ಸ್ ಬರುತ್ತಿದ್ದ ಕಾಲಕ್ಕೆ ಕೊರಿಯದಲ್ಲಿ ಹುಟ್ಟಿದಾಗಲೇ ಒಂದು ವರ್ಷ, ಜನವರಿ ಬಂದರೆ ಇನ್ನೊಂದು ಅನ್ನುವ ಲೆಕ್ಕ ರೂಢಿಯಲ್ಲಿತ್ತು. 2023ರ ಜೂನ್‌ನಲ್ಲಿ ಕಾನೂನು ಬದಲಾಯಿತು. ಹಾಗಾಗಿ ಅಲ್ಲಿ ಮೂವತ್ತು ಅಂದರೆ ನಮ್ಮ ಲೆಕ್ಕಕ್ಕೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ.

ಸರ್ವನಾಮದ ವಿಷಯ ಬಂದದ್ದಕ್ಕೆ ಒಂದು ಮಾತು. ಕಾಂಗ್ ಫುಲ್ ಅವರ 2007ರ ವೆಬ್‌ಟೂನ್ ‘ಕ್ದೆರುಲ್ ಸಾರಾಂಗ್‌ಹಾಮ್ನಿದಾ’ (ನಿನ್ನನ್ನು ಪ್ರೀತಿಸುತ್ತೇನೆ) ಇಡೀ ಕಥೆಯನ್ನು ಒಂದು ಸರ್ವನಾಮದ ಮೇಲೆ ನಿಲ್ಲಿಸುತ್ತದೆ. ಮೋಟಾರ್‌ಸೈಕಲ್ಲಿನಲ್ಲಿ ಹಾಲು ಹಂಚುವ ಮುದುಕ, ರದ್ದಿ ಕಾಗದ ಆಯುವ ಮುದುಕಿ. ‘ದಾಂಗ್‌ಶಿನ್’ ಅನ್ನೋದು ಗಂಡ ಹೆಂಡತಿ ಒಬ್ಬರನ್ನೊಬ್ಬರು ಕರೆಯುವ ‘ನೀನು’. ಆ ಪದ ತೀರಿಹೋದ ಹೆಂಡತಿಗೆ ಮೀಸಲು ಅಂತ ಅವನು ‘ಕ್ದೆ’ ಅನ್ನುವ ಬೇರೆ, ಕಾವ್ಯದ ಸರ್ವನಾಮ ಹುಡುಕಿ ಪ್ರೀತಿ ಹೇಳುತ್ತಾನೆ. ಇಂಗ್ಲಿಷಿನಲ್ಲಿ ಎರಡೂ ಒಂದೇ ಪದವಾಗಿ ಈ ಎಳೆಯೇ ಅಳಿಸಿಹೋಗುತ್ತದೆ. ಕನ್ನಡಕ್ಕೆ ಇದನ್ನು ತರುವ ಮನಸ್ಸು ಯಾರಿಗಾದರೂ ಇದ್ದರೆ ದಾರಿ ಇದೆ, ನಮ್ಮಲ್ಲಿ ನೀನು, ನೀವು, ತಾವು ಮೂರೂ ಬದುಕಿವೆ.

ಸಾಲುಮರ:

ಹೊಗಳಿಕೆಗೆ ಒಂದು ತಡೆ ಹಾಕುತ್ತೇನೆ. 512 ಕಂತಿನಲ್ಲಿ ಎಲ್ಲವೂ ಒಂದೇ ಸಮ ಇಲ್ಲ, ಓದಲು ಹೊರಟವರಿಗೆ ಅದು ಗೊತ್ತಿರಬೇಕು. ಯುಮಿಯ ಸಹೋದ್ಯೋಗಿ ರೂಬಿ ಮೊದಲ ಭಾಗದಲ್ಲಿ ಬರೀ ಪೈಪೋಟಿಗಾರ್ತಿ, ಒಳ್ಳೆಯ ಗುಣ ಒಂದೂ ಕಾಣುವುದಿಲ್ಲ. ವೂಂಗ್‌ನ ಸ್ನೇಹಿತೆ ಸೇ-ಯಿಯನ್ನೂ ಬಹಳ ಕಾಲ ಅಡ್ಡಗಾಲಾಗಿಯೇ ಬಳಸಿದ್ದಾರೆ. ಹೆಣ್ಣೊಬ್ಬಳ ಒಳಗನ್ನು ಇಷ್ಟು ಬಿಡಿಸಿ ತೋರಿಸುವ ಕೃತಿ ಪಕ್ಕದ ಹೆಣ್ಣುಗಳಿಗೆ ಅದೇ ಔದಾರ್ಯ ತೋರಿಸದಿರೋದು ಕೊರತೆಯೇ. ಕೋಶಗಳ ಉಪಾಯವೂ ಕೆಲವು ಕಡೆ ಯಾಂತ್ರಿಕವಾಗುತ್ತದೆ. ಅನುಮಾನ ಬಂತು, ಪತ್ತೇದಾರ ಬಂದ, ತಪ್ಪು ತಿಳಿದ, ನಾಚಿಕೆಯಾಯಿತು ಅಂತ ಅದೇ ಸುತ್ತು ಮತ್ತೆ ಮತ್ತೆ. ನಡುವಿನ ಕಂತುಗಳಲ್ಲಿ ಬಹಳ ಜನ ಕೈಬಿಡೋದು ಇದಕ್ಕೇ.

ಬಿದಿರುಕೋಲು:

ರೂಬಿ ಬಗ್ಗೆ ಒಪ್ಪುತ್ತೇನೆ. ಸೇ-ಯಿ ಬಗ್ಗೆ ಅರ್ಧ ಮಾತ್ರ. ಈ ಕೃತಿಯಲ್ಲಿ ಯಾರ ಊರಿನ ಬಾಗಿಲು ಯಾವಾಗ ತೆರೆಯುತ್ತದೆ ಅನ್ನೋದೇ ಒಂದು ಕಥನ ಕ್ರಮ. ಯುಮಿಯ ಊರು ಸದಾ ತೆರೆದಿದೆ. ವೂಂಗ್‌ನ ಊರನ್ನು ಆಗಾಗ ತೋರಿಸುತ್ತಾರೆ, ಆಗ ಯುಮಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಾಗಿ ಚಡಪಡಿಕೆ ಹುಟ್ಟುತ್ತದೆ. ಇನ್ನು ಕೆಲವರ ಊರಿನ ಬಾಗಿಲು ಮುಚ್ಚಿಯೇ ಇರುತ್ತದೆ, ಅವರು ನಮಗೂ ಯುಮಿಗೆ ಕಂಡಷ್ಟೇ ಕಾಣುತ್ತಾರೆ. ಹೊಟ್ಟೆಕಿಚ್ಚು ಇರುವವಳ ಕಣ್ಣಿನಿಂದ ನೋಡಿದರೆ ಎದುರಿನವಳು ಅಡ್ಡಗಾಲೇ. ಓದುವಾಗ ಪ್ರತಿ ಹೊಸ ಪಾತ್ರಕ್ಕೂ ‘ಇವರ ಊರು ಕಂಡಿತಾ?’ ಅಂತ ಕೇಳಿಕೊಳ್ಳಿ. ಕಂಡಿಲ್ಲದಿದ್ದರೆ ಅವರ ಬಗ್ಗೆ ತೀರ್ಪು ತಡೆಹಿಡಿಯಿರಿ.

ಈಗ ನಾಯಕ ಯಾರು ಅನ್ನುವ ಪ್ರಶ್ನೆ. ಮುಂದಿನ ಒಂದು ಪ್ಯಾರಾ ಕಥೆ ಬಿಟ್ಟುಕೊಡುತ್ತದೆ, ಬೇಡವಾದವರು ದಾಟಿ.

ವೂಂಗ್ ಗೇಮ್ ತಯಾರಿಸುವವನು. ಕಂಪನಿ ಕಷ್ಟಕ್ಕೆ ಸಿಕ್ಕಿಕೊಂಡಾಗ ಅದನ್ನು ಯುಮಿಗೆ ಹೇಳಲು ಅವನ ಸ್ವಾಭಿಮಾನ ಬಿಡುವುದಿಲ್ಲ. ಸಂಬಂಧ ಕುಸಿಯುವುದು ಮೋಸದಿಂದಲ್ಲ, ಹೇಳದೆ ಉಳಿದದ್ದರಿಂದ. ಆ ಹೊತ್ತಿಗೆ ಯುಮಿ ತನ್ನ ಊರಿನ ಸೂಚನಾ ಫಲಕದ ಹತ್ತಿರ ಬರುತ್ತಾಳೆ. ಅಲ್ಲಿ ಅವಳಿಗೆ ತಿಳಿಯುವುದು ಇಷ್ಟು: ಈ ಕಥೆಗೆ ಗಂಡು ನಾಯಕ ಅಂತ ಬೇರೆ ಯಾರೂ ಇಲ್ಲ, ಇಲ್ಲಿರುವ ಮುಖ್ಯ ಪಾತ್ರ ಒಂದೇ, ಅದು ಅವಳು. ನೀವು ನಾಯಕನನ್ನು ಹುಡುಕಿ ಸಿಗಲಿಲ್ಲ ಅಂದದ್ದು ಓದಿನ ತಪ್ಪಲ್ಲ, ಕೃತಿ ನಿಮ್ಮನ್ನು ಅಲ್ಲಿಗೇ ಕರೆದೊಯ್ಯುತ್ತಿದೆ. ವೂಂಗ್ ನಂತರ ಯೂ ಬಾಬಿ ಬರುತ್ತಾನೆ. ಮಾತು, ನಡತೆ, ಗಮನ ಎಲ್ಲದರಲ್ಲೂ ವೂಂಗ್‌ಗೆ ತದ್ವಿರುದ್ಧ. ಅದೂ ಮುರಿಯುತ್ತದೆ, ಬೇರೆ ಕಾರಣಕ್ಕೆ. ಅಷ್ಟರಲ್ಲಿ ಯುಮಿಯ ಬರಹಗಾರ ಕೋಶ ಎದ್ದು ನಿಂತಿರುತ್ತದೆ, ಅವಳು ಕೆಲಸ ಬಿಟ್ಟು ಬರವಣಿಗೆಗೆ ಇಳಿದಿರುತ್ತಾಳೆ. ಪ್ರಕಾಶನದ ಕಡೆಯ ಶಿನ್ ಸೂನ್‌ರೋಕ್ ಆಮೇಲೆ ಬರುವವನು.

ಸಾಮಾನ್ಯ ಪ್ರೇಮಕಥೆಗೆ ಒಪ್ಪಿಗೆಯ ದಿನ ಕೊನೆ. ಇಲ್ಲಿ ಒಪ್ಪಿಗೆಯ ನಂತರದ ನಡುಹಗಲು ಇದೆ: ಯಾರ ಮನೆಯಲ್ಲಿ ಯಾರ ಸಾಮಾನು, ಫೋನ್ ಎತ್ತದ ಸಂಜೆ, ಅವನ ಆದ್ಯತೆಯ ಪಟ್ಟಿಯಲ್ಲಿ ನಾನು ಎಷ್ಟನೆಯವಳು ಅನ್ನುವ ಕೊರೆತ. ಸಾಲುಮರ ಅವರು ಹೇಳಿದ ಮರುಕಳಿಕೆಯನ್ನೂ ಈ ಕಡೆಯಿಂದ ನೋಡಬಹುದು. ಅದೇ ಅನುಮಾನ ವೂಂಗ್ ಜೊತೆ ಬಂದಾಗ ಕೋಶಗಳು ಏನು ಮಾಡಿದವು, ಬಾಬಿ ಜೊತೆ ಬಂದಾಗ ಏನು ಮಾಡಿದವು ಅಂತ ಪಕ್ಕಪಕ್ಕ ಇಟ್ಟು ಓದಿ. ಸುತ್ತು ಒಂದೇ, ಸಭೆಯಲ್ಲಿ ಕುಳಿತವರ ಜಾಗ ಬದಲಾಗಿದೆ. ಐದೂವರೆ ವರ್ಷ ಬರೆದದ್ದರ ಫಲ ಅದು. ನೂರು ಕಂತಿನಲ್ಲಿ ಆ ಬದಲಾವಣೆ ತೋರಿಸಲು ಆಗುತ್ತಿರಲಿಲ್ಲ.

ಸಾಲುಮರ:

ಪಕ್ಕಪಕ್ಕ ಇಡುವ ಮಾತು ಒಪ್ಪಿದೆ. ಆದರೂ ವಾರದ ಗಡುವಿಗೆ ಬರೆದ ಕೃತಿಯಲ್ಲಿ ತುಂಬಿಸಲು ಬರೆದ ಕಂತುಗಳು ಇದ್ದೇ ಇರುತ್ತವೆ, ಅವನ್ನೆಲ್ಲ ಉದ್ದೇಶ ಅಂತ ಒಪ್ಪಿಕೊಳ್ಳಬೇಕಾಗಿಲ್ಲ. ಬೇಸರ ಬಂದ ಕಡೆ ಹೊರಲೋಕದ ಚೌಕಗಳನ್ನು ಮಾತ್ರ ಓದಿಕೊಂಡು ಐದಾರು ಕಂತು ದಾಟಿ, ಯುಮಿ ಇರುವ ಸ್ಥಿತಿ ಬದಲಾದ ಕಡೆ ನಿಂತು ಹಿಂದಕ್ಕೆ ಬಂದರೆ ನಷ್ಟ ಇಲ್ಲ.

ಹಳೇಬಿಲ್ಲೆ:

ಟಿವಿ ಸರಣಿ ಮೊದಲು ನೋಡಬೇಕಾ ಅನ್ನುವ ಪ್ರಶ್ನೆಗೆ: ಬೇಡ. ಸರಣಿ ಕೆಟ್ಟದ್ದು ಅಂತಲ್ಲ. ಕಿಮ್ ಗೊ-ಉನ್ ಯುಮಿಯಾಗಿ ನಟಿಸಿದ್ದು, ಮನುಷ್ಯರನ್ನು ಕ್ಯಾಮೆರಾದಲ್ಲಿ, ಕೋಶಗಳನ್ನು ತ್ರೀಡಿ ಆನಿಮೇಷನ್ನಿನಲ್ಲಿ ತೋರಿಸಿದ್ದು ಎರಡೂ ಚೆನ್ನಾಗಿವೆ. ಮೊದಲ ಋತು 2021ರಲ್ಲಿ, ಎರಡನೆಯದು 2022ರಲ್ಲಿ, ತಲಾ 14 ಕಂತು. ಮೊದಲನೆಯದರಲ್ಲಿ ವೂಂಗ್ ಆಗಿ ಆನ್ ಬೊ-ಹ್ಯನ್, ಎರಡನೆಯದರಲ್ಲಿ ಬಾಬಿಯಾಗಿ ಪಾಕ್ ಜಿನ್-ಯಂಗ್.

ತೊಂದರೆ ಇರೋದು ಬೇರೆ ಕಡೆ. ಕಿಮ್ ಗೊ-ಉನ್ ಮುಖ ಮಾತಾಡುತ್ತದೆ. ಕಣ್ಣು ಸ್ವಲ್ಪ ಕದಲಿದರೆ ಸಾಕು, ಒಳಗೆ ಏನಾಗುತ್ತಿದೆ ಅಂತ ಕೋಶಗಳು ಬರುವ ಮುಂಚೆಯೇ ತಿಳಿಯುತ್ತದೆ. ಕಾಮಿಕ್ಸಿನಲ್ಲಿ ಮುಖ ಖಾಲಿ ಇದೆ, ಆದ್ದರಿಂದ ಕೋಶಗಳ ಕಡೆ ನೋಡದೆ ಗತಿಯಿಲ್ಲ. ಸರಣಿ ಮೊದಲು ನೋಡಿದವರು ಕಾಮಿಕ್ಸಿನ ಖಾಲಿ ಮುಖಕ್ಕೆ ಆ ನಟಿಯ ಮುಖವನ್ನು ತುಂಬಿಕೊಂಡೇ ಓದುತ್ತಾರೆ. ಬಿದಿರುಕೋಲು ಹೇಳಿದ ಬಿರುಕು ಅವರಿಗೆ ಕಾಣುವುದೇ ಇಲ್ಲ. ವೂಂಗ್ ಭಾಗ ಓದಿ ಮುಗಿಸಿ, ಆಮೇಲೆ ಮೊದಲ ಋತು ನೋಡಿ. ಬಾಬಿ ಭಾಗ ಓದಿ, ಆಮೇಲೆ ಎರಡನೆಯದು. 2024ರ ಏಪ್ರಿಲ್‌ನಲ್ಲಿ ಕೊರಿಯದಲ್ಲಿ ಬಿಡುಗಡೆಯಾದ ಆನಿಮೇಷನ್ ಚಿತ್ರವನ್ನು ಕೊನೆಗೆ ಇಟ್ಟುಕೊಳ್ಳಿ.

ಇದರ ಹಿಂದಿನ ದಾರಿ ನೋಡಬೇಕು ಅನಿಸಿದರೆ ಎರಡು ಹೆಸರು ಸಾಕು. ಒಂದು ಕಾಂಗ್ ಫುಲ್ ಅವರ ‘ಸುಂಜಂಗ್ ಮಾನ್‌ಹ್ವಾ’, 2003ರಲ್ಲಿ ದಾವುಮ್ ತಾಣದಲ್ಲಿ ಶುರುವಾದದ್ದು. ಮೇಲಿನಿಂದ ಕೆಳಕ್ಕೆ ಇಳಿಸುತ್ತಾ ಒಂದು ದೀರ್ಘ ಕಥೆ ಹೇಳಬಹುದು ಅಂತ ತೋರಿಸಿಕೊಟ್ಟದ್ದು ಅದು, ಮತ್ತು ಅದೂ ಪ್ರೇಮಕಥೆಯೇ. ಇನ್ನೊಂದು ಕಾಗದದ್ದು: ಕಿಮ್ ದೊಂಗ್-ಹ್ವಾ ಅವರ ಮೂರು ಸಂಪುಟ, ಮಣ್ಣಿನ, ನೀರಿನ, ಆಕಾಶದ ಬಣ್ಣ ಅಂತ ಇಂಗ್ಲಿಷಿನಲ್ಲಿ 2009ರಲ್ಲಿ ಫಸ್ಟ್ ಸೆಕೆಂಡ್ ಅನ್ನುವ ಪ್ರಕಾಶನ ತಂದಿತು. ಹಳ್ಳಿಯ ಹೋಟೆಲಿನ ವಿಧವೆ ತಾಯಿ, ಬೆಳೆಯುವ ಮಗಳು ಎಹ್ವಾ. ಅಲ್ಲಿ ಯಾರೂ ನೇರವಾಗಿ ಮಾತಾಡುವುದಿಲ್ಲ, ಆಸೆಯೆಲ್ಲ ಹೂವಿನ ಹೆಸರಿನಲ್ಲಿ, ಮಳೆಯ ಹೆಸರಿನಲ್ಲಿ ಬರುತ್ತದೆ. ಮೈಯ ವಿಷಯ ಮುಚ್ಚಿಡದ್ದರಿಂದ ಅಮೆರಿಕದ ಗ್ರಂಥಾಲಯಗಳಲ್ಲಿ ಆಕ್ಷೇಪ ಎದ್ದು, 2011ರಲ್ಲಿ ಅತಿ ಹೆಚ್ಚು ವಿರೋಧ ಎದುರಿಸಿದ ಪುಸ್ತಕಗಳ ಪಟ್ಟಿಯಲ್ಲಿ ಎರಡನೇ ಸ್ಥಾನ ಸಿಕ್ಕಿತು. ಯುಮಿ ಓದಿದ ಮೇಲೆ ಅದನ್ನು ತೆರೆದರೆ ಆ ಹೂವುಗಳ ಕೆಲಸವನ್ನೇ ಇಲ್ಲಿ ಕೋಶಗಳು ಮಾಡುತ್ತಿವೆ ಅಂತ ತಿಳಿಯುತ್ತದೆ. ಬಾಯಿಗೆ ಬಾರದ್ದಕ್ಕೆ ಇನ್ನೊಂದು ಬಾಯಿ ಕೊಡುವ ಕೆಲಸ.

ಕಾಗದದೋಣಿ:

ಎಲ್ಲರಿಗೂ ನಮಸ್ಕಾರ. 38ನೇ ಕಂತನ್ನು ಫೋನಿನಲ್ಲಿ, ಮೊದಲು ಹೊರಗಿನ ಚೌಕ ಮಾತ್ರ, ಆಮೇಲೆ ಪೂರ್ತಿ ಅಂತ ಎರಡು ಸಲ ಓದಿದ ಮೇಲೆ ಬಿರುಕು ಅಂದದ್ದು ಏನು ಅಂತ ಕಾಣಿಸಿತು. ಇನ್ನೆರಡು ಪ್ರಶ್ನೆ. ಆಪ್‌ನಲ್ಲಿ ದಿನಕ್ಕೊಂದು ಕಂತು ಮಾತ್ರ ಉಚಿತ ಅಂತ ಬಂದರೆ ಹೇಗೆ ಯೋಜಿಸಬೇಕು? ಮತ್ತೆ 1ನೇ ಕಂತಿನಿಂದ ಶುರು ಮಾಡಬೇಕಾ?

ಉದ್ದಪಟ:

ಮತ್ತೆ 1ರಿಂದಲೇ. ನೆರೆಯ ದೃಶ್ಯ, ಪ್ರಧಾನ ಕೋಶದ ನಿಯಮ, ರಾತ್ರಿಯ ನಿಯಮ ಎಲ್ಲ ಮೊದಲ ಕಂತುಗಳಲ್ಲೇ ಕೂತಿವೆ. ಲ್ಯಾಪ್‌ಟಾಪಿನಲ್ಲಿ ಅವು ತುಂಡಾಗಿ ಕಂಡಿವೆ. 40 ಕಂತು ಎರಡನೇ ಓದಿಗೆ ಐದು ಕೂತಿಕೆ ಸಾಕು.

ದಿನಕ್ಕೊಂದರಂತೆ ಹೋದರೆ 512 ದಿನ, ಹದಿನೇಳು ತಿಂಗಳು. ಮೂಲಕ್ಕಿಂತ ನಾಲ್ಕು ಪಟ್ಟು ವೇಗವೇ, ಹಾಗಾಗಿ ಅದೇನೂ ಕಷ್ಟದ ಓದಲ್ಲ. ನಿಮಗೆ ತೆರೆದಿರುವ ಅವಧಿ ಮುಗಿದು ಹಳೆಯ ಕಂತು ಮತ್ತೆ ಮುಚ್ಚಿಕೊಳ್ಳುವ ಸಾಧ್ಯತೆ ಇರುತ್ತದೆ. ಅದಕ್ಕೆ ಒಂದು ನೋಟ್‌ಪುಸ್ತಕ ಇಟ್ಟುಕೊಂಡು ಕಂತಿಗೆ ಒಂದೇ ಸಾಲು ಬರೆಯಿರಿ: ಕಂತಿನ ಸಂಖ್ಯೆ, ಸಭೆಯಲ್ಲಿ ಗೆದ್ದ ಕೋಶ, ಬಾಯಿಂದ ಹೊರಟ ಮಾತು. ಬಾಬಿ ಭಾಗಕ್ಕೆ ಬಂದಾಗ ವೂಂಗ್ ಭಾಗದ ಸಾಲುಗಳನ್ನು ಪಕ್ಕಕ್ಕಿಡಬಹುದು, ಕಂತು ಮತ್ತೆ ತೆರೆಯಬೇಕಾಗಿಲ್ಲ. ಹಣ ಕೊಟ್ಟು ಮುಂದಿನ ಕಂತು ತೆರೆಯುವುದಾದರೆ ಕೊಕ್ಕೆಯ ಹಿಂದೆ ಓಡಬೇಡಿ. ಒಂದು ಸಂಬಂಧ ಮುಗಿಯುವ ಕಡೆಯ ಎಂಟು ಹತ್ತು ಕಂತಿಗೆ ಮಾತ್ರ ಖರ್ಚು ಮಾಡಿ. ಅಲ್ಲಿ ದಿನಕ್ಕೊಂದು ಓದಿದರೆ ಉಸಿರು ತುಂಡಾಗುತ್ತದೆ.

ಎರಡ್ಮಾತು:

ಆ ನೋಟ್‌ಪುಸ್ತಕದಲ್ಲಿ ಇನ್ನೊಂದು ಕಲಂ ಹಾಕಿಕೊಳ್ಳಿ, ‘ನೀವು’ ಅಥವಾ ‘ನೀನು’ ಅಂತ. ಹೆಸರಿನ ಕೊನೆಯ ‘ಶಿ’ ಹೋದ ಕಂತು ಸಿಕ್ಕರೆ ಇಲ್ಲೇ ಬಂದು ಸಂಖ್ಯೆ ಹಾಕಿ, ಕೊರಿಯನ್ ಮೂಲದಲ್ಲೂ ಅದೇ ಕಡೆ ಮಾತು ಬದಲಾಗಿದೆಯಾ ಅಂತ ಹೋಲಿಸಿ ನೋಡೋಣ.